ಫ್ರಿಜ್ಜಿನ ಪಕ್ಕದ ಪೆಟ್ಟಿಗೆಗೂ ಒಂದು ಚರಿತ್ರೆ

ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿ ಮನೆಯ ಫ್ರಿಜ್ಜಿನ ಪಕ್ಕದಲ್ಲಿ ಒಂದು ಪೆಟ್ಟಿಗೆ ನೋಡಿರುತ್ತೀರಿ. ಮುಂದೆ ಒಂದು ಮುಳ್ಳು, ಇಲ್ಲವೇ ಕೆಂಪು ಅಂಕಿಗಳು. ಆಗಾಗ ಒಳಗಿಂದ ‘ಟಕ್’ ಎಂಬ ಸದ್ದು. ಅದೇ ಸ್ಟೆಬಿಲೈಜರ್. ನೀವು ಬೆಳೆದ ಅಮೆರಿಕದ ಅಡುಗೆಮನೆಗಳಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. ಊರಲ್ಲಿ ಮಾತ್ರ ಯಾಕೆ ಬೇಕಾಯಿತು?

ಈ ಕಥೆ ಕಾವೇರಿಯ ದಡದಿಂದ ಶುರುವಾಗುತ್ತದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಶಿವನಸಮುದ್ರದ ವಿದ್ಯುತ್ ಯೋಜನೆ 1902ರಲ್ಲಿ ಕೆಲಸ ಆರಂಭಿಸಿತು. ಆದರೆ ಆ ಕರೆಂಟು ಮೊದಲು ಹೋದದ್ದು ಯಾರ ಮನೆಗೂ ಅಲ್ಲ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಯಲ್ಲಿ ವಿದ್ಯುತ್ ದೀಪ ಬೆಳಗಿದ್ದು 1905ರಲ್ಲಿ. ಬಹುಪಾಲು ಹಳ್ಳಿಗಳು ಇನ್ನೂ ಎಷ್ಟೋ ದಶಕ ಸೀಮೆಎಣ್ಣೆ ಬುಡ್ಡಿಯಲ್ಲೇ ಕಾಲ ಕಳೆದವು.

ಹಳ್ಳಿಗೆ ಕಂಬ ಬಂದಮೇಲೂ ಕಷ್ಟ ಮುಗಿಯಲಿಲ್ಲ. ಒಂದೇ ಟ್ರಾನ್ಸ್‌ಫಾರ್ಮರಿನಿಂದ ಹೊರಟ ತಂತಿ ಮನೆ, ಗಿರಣಿ, ಹೊಲದ ಪಂಪ್‌ಸೆಟ್ಟು ಎಲ್ಲವನ್ನೂ ಸಾಕಬೇಕು. ನಲ್ಲಿಯ ನೀರನ್ನೇ ನೆನೆಸಿಕೊಳ್ಳಿ. ಬೀದಿಯವರೆಲ್ಲ ಒಟ್ಟಿಗೆ ನಲ್ಲಿ ತಿರುಗಿಸಿದರೆ ಕೊನೆಯ ಮನೆಗೆ ಸಣ್ಣ ಧಾರೆ. ಹಾಗೆಯೇ ಪಂಪುಗಳು ಓಡತೊಡಗಿದರೆ ಕೊನೆಯ ಮನೆಯ ಬಲ್ಬು ಹಳದಿಗಟ್ಟುತ್ತಿತ್ತು. ಪಂಪುಗಳು ನಿಂತಾಗ ವೋಲ್ಟೇಜು ಮತ್ತೆ ಏರುತ್ತಿತ್ತು. ಜೊತೆಗೆ, 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರ ಶುರುವಾಗುವವರೆಗೆ ಕರ್ನಾಟಕ ಹೆಚ್ಚುಕಡಿಮೆ ನೀರಿನ ಕರೆಂಟನ್ನೇ ನೆಚ್ಚಿಕೊಂಡಿತ್ತು. ಮಳೆ ಕೈಕೊಟ್ಟ ವರ್ಷ ಕರೆಂಟೂ ಕೈಕೊಡುತ್ತಿತ್ತು.

ಬಲ್ಬು ಮಂಕಾದರೆ ಸಹಿಸಬಹುದು. ಫ್ರಿಜ್ಜಿನ ಮೋಟಾರು ಸಹಿಸುವುದಿಲ್ಲ. ವೋಲ್ಟೇಜು ತೀರಾ ಇಳಿದಾಗ ಅದು ತಿರುಗಲಾರದೆ ಹೆಚ್ಚು ಕರೆಂಟು ಎಳೆದುಕೊಂಡು, ಕಾದು, ಸುಟ್ಟುಹೋಗುತ್ತದೆ. ಮಧ್ಯಮ ವರ್ಗದ ಮನೆಗಳಿಗೆ ಫ್ರಿಜ್ಜು ಬರುತ್ತಿದ್ದ ಕಾಲ ಅದು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಟಿವಿಯೂ ಬಂತು. ಉಳಿತಾಯದ ಹಣದಲ್ಲಿ ತಂದ ವಸ್ತುವನ್ನು ಕಾಯಬೇಕಲ್ಲ? ಕೊಚ್ಚಿಯಲ್ಲಿ 1977ರಲ್ಲಿ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ ಅವರು ಶುರುಮಾಡಿದ ವಿ-ಗಾರ್ಡ್ ಮೊದಲು ತಯಾರಿಸಿದ್ದು ಸ್ಟೆಬಿಲೈಜರನ್ನೇ. ಸರ್ಕಾರ ಮನೆಬಾಗಿಲಿಗೆ ಕರೆಂಟು ತಂದುಕೊಟ್ಟಿತು. ಅದನ್ನು ಹದಕ್ಕೆ ತರುವ ಖರ್ಚನ್ನು ಮನೆಯವರೇ ಹೊತ್ತರು. ನನ್ನ ದೃಷ್ಟಿಯಲ್ಲಿ ಆ ಪೆಟ್ಟಿಗೆಯ ಚರಿತ್ರೆ ಇಷ್ಟೇ.

ಅದರ ಕೆಲಸ ಸರಳ. ಒಳಗಿನ ತಂತಿಸುರುಳಿಗೆ ಹಲವು ಕಡೆ ಕವಲುಗಳಿವೆ. ವೋಲ್ಟೇಜು ಇಳಿದರೆ ರಿಲೇ ಒಂದು ಕವಲಿನಿಂದ ಇನ್ನೊಂದಕ್ಕೆ ಜಿಗಿದು ಏರಿಸುತ್ತದೆ, ಏರಿದರೆ ಇಳಿಸುತ್ತದೆ. ಆ ‘ಟಕ್’ ಸದ್ದು ಈ ಜಿಗಿತದ್ದೇ. ತೀರಾ ಹದ ತಪ್ಪಿದರೆ ಕರೆಂಟನ್ನೇ ಕಡಿದುಬಿಡುತ್ತದೆ. ಫ್ರಿಜ್ಜಿನ ಸ್ಟೆಬಿಲೈಜರ್ ಕರೆಂಟು ಮರಳಿದ ಮೇಲೂ ಕೆಲವು ನಿಮಿಷ ಸುಮ್ಮನಿರುತ್ತದೆ. ಕಂಪ್ರೆಸರಿನೊಳಗಿನ ಒತ್ತಡ ಸಮವಾಗಲಿ ಎಂದು. ಕೆಟ್ಟಿದೆ ಎಂದುಕೊಂಡು ಸ್ವಿಚ್ಚು ಒತ್ತುತ್ತಾ ಕೂರಬೇಡಿ!

ಈಗಿನ ಲ್ಯಾಪ್‌ಟಾಪ್, ಫೋನುಗಳಿಗೆ ಈ ಪೆಟ್ಟಿಗೆ ಬೇಕಿಲ್ಲ. ಅವುಗಳ ಚಾರ್ಜರಿನ ಮೇಲೆ ಸಾಮಾನ್ಯವಾಗಿ 100–240 ವೋಲ್ಟ್ ಎಂದು ಬರೆದಿರುತ್ತದೆ. ಆ ಏರಿಳಿತವನ್ನು ಅವೇ ಸಂಭಾಳಿಸಿಕೊಳ್ಳುತ್ತವೆ. ಆದರೆ ಸಿಡಿಲಿನಿಂದ ಬರುವ ಹೊಡೆತ ಬೇರೆ. ಅದು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ಬಂದುಹೋಗುತ್ತದೆ. ರಿಲೇ ಜಿಗಿಯುವಷ್ಟೂ ಪುರುಸೊತ್ತಿಲ್ಲ. ಅದಕ್ಕೆ ಸರ್ಜ್ ಪ್ರೊಟೆಕ್ಟರ್ ಬೇಕು, ಮನೆಗೆ ಒಳ್ಳೆಯ ಅರ್ಥಿಂಗ್ ಇರಬೇಕು. ಸರ್ಜ್ ಪ್ರೊಟೆಕ್ಟರ್ ಕೂಡ ಹೊಡೆತ ತಿಂದು ತಿಂದು ಸವೆಯುತ್ತದೆ, ಆಗಾಗ ಬದಲಿಸಬೇಕು. ಹತ್ತಿರದಲ್ಲೇ ಸಿಡಿಲು ಬಡಿದರೆ ಅದೂ ಸಾಲದು. ಗುಡುಗು ದೂರದಲ್ಲಿ ಕೇಳಿಸಿದಾಗಲೇ ಅಜ್ಜಿ ಟಿವಿಯ ಪ್ಲಗ್ಗು ಕಿತ್ತಿಡುತ್ತಾರಲ್ಲ, ಅದು ಮೂಢನಂಬಿಕೆಯಲ್ಲ, ಸರಿಯಾದ ವಿಜ್ಞಾನ.

ಇನ್ನೊಂದು ಮಾತು. ಅಮೆರಿಕದಲ್ಲಿ 120 ವೋಲ್ಟ್, ಭಾರತದಲ್ಲಿ 230. ಇಲ್ಲಿಯ 120 ವೋಲ್ಟಿನ ಹೇರ್ ಡ್ರೈಯರನ್ನು ಬರೀ ಪಿನ್ನು ಬದಲಿಸಿ ಅಲ್ಲಿ ಚುಚ್ಚಿದರೆ ಅದು ಮೂರೂವರೆ ಪಟ್ಟಿಗೂ ಹೆಚ್ಚು ವಿದ್ಯುತ್ ಎಳೆದು ಸುಟ್ಟುಹೋಗಬಹುದು. ಪಿನ್ನು ಬದಲಿಸಿದರೆ ವೋಲ್ಟೇಜು ಬದಲಾಗುವುದಿಲ್ಲ. ಚೀಟಿ ಓದಿಯೇ ಸೂಟ್‌ಕೇಸಿಗೆ ಹಾಕಿ.

ಮುಂದಿನ ಸಲ ಊರಿಗೆ ಹೋದಾಗ ಆ ಪೆಟ್ಟಿಗೆಯ ದೂಳು ಒರೆಸಿ, ಅಂಕಿ ನೋಡಿ, ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ತೋರಿಸಿ. ಆ ಫ್ರಿಜ್ಜಿನಲ್ಲಿ ಹಾಲು ಮೊಸರಿನ ಜೊತೆಗೆ ಅಜ್ಜಿಯ ಇನ್ಸುಲಿನ್ ಕೂಡ ಇರಬಹುದು.