ಕಡಲಾಚೆಯ ಡ್ಯೂಟಿ, ಭಾಗ 14: ಕ್ಯಾನ್ಸರ್‌ಗೆ ಹೃದಯದ ಎಕೋ ಯಾಕೆ?

ಪರ್ತ್‌ನಲ್ಲಿ ಈಗ ರಾತ್ರಿ ಹತ್ತೂವರೆ, ಊರಲ್ಲಿ ಎಂಟು ಗಂಟೆ. ಕಳೆದ ವಾರ ಇಲ್ಲಿನ ನೈಟ್ ಶಿಫ್ಟಿನ ಕಥೆ ಮುಂದುವರಿಸುತ್ತೇನೆ ಅಂದಿದ್ದೆ. ಅದು ಇನ್ನೊಂದು ಸಲಕ್ಕಿರಲಿ.

ಅಕ್ಕನ ಎಡಗಡೆಯ ಗಡ್ಡೆಯ ವಿಷಯ ಈಗ ನಿಮಗೆಲ್ಲ ಗೊತ್ತು. ಬಚ್ಚಿಡುವುದು ಬೇಡ, ಬರಿ ಅಂತ ಅವಳೇ ಹೇಳಿದ್ದಾಳೆ. ಕೀಮೋ ಶುರು ಮಾಡುವ ಮೊದಲು ಡಾಕ್ಟರು ಹೃದಯದ ಎಕೋ ಮಾಡಿಸಿಕೊಂಡು ಬನ್ನಿ ಅಂದರಂತೆ. ಭಾವ ನನಗೆ ಫೋನ್ ಮಾಡಿ, "ಅಲ್ಲ ಕಣೇ, ಕಾಯಿಲೆ ಎದೆ ಗಡ್ಡೆದು, ಇವರು ಹಾರ್ಟಿಗೆ ಟೆಸ್ಟ್ ಬರೀತಾರಲ್ಲ, ದುಡ್ಡು ಕೀಳೋಕಾ?" ಅಂತ ಕೇಳಿದರು. ಫೋನಲ್ಲಿ ಎರಡು ಮಾತಿನಲ್ಲಿ ಉತ್ತರ ಹೇಳಿದೆ. ಆದರೆ ಆ ಪ್ರಶ್ನೆಗೆ ಉತ್ತರ ಸಿಗಲು ಜಗತ್ತಿಗೆ ಸುಮಾರು ಐವತ್ತು ವರ್ಷ ಬೇಕಾಯಿತು. ಆ ಕಥೆಯ ತುಂಡುಗಳು ನಾನು ಕೆಲಸ ಮಾಡಿದ ಮೂರು ಊರುಗಳಲ್ಲಿ, ಅಡಿಲೇಡ್, ಬ್ರಿಸ್ಬೇನ್, ಪರ್ತ್‌ನಲ್ಲಿ, ಬಿದ್ದಿವೆ. ಭಾವ, ನೀವು ಇದನ್ನು ಓದುತ್ತೀರಿ ಅಂತ ಗೊತ್ತು. ನಿಮಗೇ ಬರೆಯುತ್ತಿರುವುದು.

ಮೊದಲು ಕೆಂಪು ಔಷಧದಿಂದ ಶುರು ಮಾಡುತ್ತೇನೆ. ಅಕ್ಕನಿಗೂ ಅದನ್ನೇ ಕೊಡುತ್ತಾರೆ. ಹೆಸರು ಡಾಕ್ಸೋರುಬಿಸಿನ್. ಸಿರಿಂಜಿನಲ್ಲಿ ನೋಡಿದರೆ ಕೋಕಂ ಶರಬತ್ತಿನ ಬಣ್ಣ. ಕೊಟ್ಟ ದಿನ ಮೂತ್ರವೂ ಕೆಂಪಾಗುತ್ತದೆ, ಅಕ್ಕ ಹೆದರಬೇಡ, ಅದು ರಕ್ತ ಅಲ್ಲ. ಇಲ್ಲಿನ ರೋಗಿಗಳು ಇದಕ್ಕೆ ಕೆಂಪು ಸೈತಾನ ಅಂತ ಅಡ್ಡಹೆಸರಿಟ್ಟಿದ್ದಾರೆ. ಇದು ಹುಟ್ಟಿದ್ದು ಮಣ್ಣಿನಲ್ಲಿ. ಇಟಲಿಯ ದಕ್ಷಿಣದಲ್ಲಿ ಕಾಸ್ತೆಲ್ ದೆಲ್ ಮಾಂತೆ ಅಂತ 13ನೇ ಶತಮಾನದ ಕೋಟೆ ಇದೆ. ಮಿಲಾನಿನ ಫಾರ್ಮಿತಾಲಿಯಾ ಕಂಪನಿಯವರು ಆ ಕೋಟೆಯ ಹತ್ತಿರದ ಮಣ್ಣು ತಂದು, ಅದರಲ್ಲಿದ್ದ ಸೂಕ್ಷ್ಮಜೀವಿಯಿಂದ ಕೆಂಪು ಬಣ್ಣದ ವಸ್ತು ತೆಗೆದರು. ಇದು 1960ರ ದಶಕದ ಮೊದಲ ಭಾಗ. ಆಮೇಲೆ ಆ ಜೀವಿಯನ್ನು ಸ್ವಲ್ಪ ಬದಲಿಸಿದಾಗ ಇನ್ನೂ ಜೋರಾದ ಔಷಧ ಸಿಕ್ಕಿತು. ಪಕ್ಕದ ಏಡ್ರಿಯಾಟಿಕ್ ಸಮುದ್ರದ ಹೆಸರು ಹಿಡಿದು ಏಡ್ರಿಯಾಮೈಸಿನ್ ಅಂದರು. 1974ರಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. ಅದಕ್ಕೆ ಮೊದಲು ದಾರಿಯೇ ಇಲ್ಲದ ಎಷ್ಟೋ ಕ್ಯಾನ್ಸರ್‌ಗಳು ಇದಕ್ಕೆ ಬಗ್ಗಿದವು.

ಆದರೆ ಗಡ್ಡೆ ಕರಗಿದವರಲ್ಲಿ ಕೆಲವರು ಕೆಲವು ತಿಂಗಳಲ್ಲಿ ಉಸಿರು ಸಿಗದೆ, ಕಾಲು ಬಾತು ವಾಪಸ್ ಬಂದರು. 1979ರಲ್ಲಿ ಅಮೆರಿಕದ ವಾನ್ ಹಾಫ್ ಮತ್ತು ಜೊತೆಯವರು 4018 ರೋಗಿಗಳ ದಾಖಲೆ ತೆಗೆದು ಲೆಕ್ಕ ಹಾಕಿದರು. ಒಟ್ಟು ಡೋಸ್ ಏರಿದ ಹಾಗೆ ಹೃದಯ ಸೋಲುವವರ ಸಂಖ್ಯೆಯೂ ಏರುತ್ತಿತ್ತು: ಮೈಯ ಅಳತೆಯ ಚದರ ಮೀಟರಿಗೆ 400 ಮಿಲಿಗ್ರಾಂ ಆದಾಗ ನೂರಕ್ಕೆ 3, 550ಕ್ಕೆ 7, 700ಕ್ಕೆ 18. ಒಂದೊಂದು ಸಲ ಕೊಡುವ ಡೋಸ್ ಮಾತ್ರ ನೋಡಿದರೆ ಸಾಲದು, ಜೀವಮಾನದಲ್ಲಿ ಒಟ್ಟು ಎಷ್ಟು ಹೋಯಿತು ಅನ್ನುವುದು ಮುಖ್ಯ ಅಂತ ಆಗಲೇ ನೆಲೆಯಾದದ್ದು. ಸಾಲದ ಪುಸ್ತಕದ ಹಾಗೆ, ಪ್ರತಿ ಸಲದ್ದೂ ಕೂಡುತ್ತಾ ಹೋಗಬೇಕು. 2003ರಲ್ಲಿ ಸ್ವೈನ್ ಅನ್ನುವವರು ಮತ್ತೆ ಲೆಕ್ಕ ಮಾಡಿದಾಗ 550ಕ್ಕೆ ನೂರರಲ್ಲಿ 26 ಬಂತು. ಮೊದಲಿನ ಲೆಕ್ಕವೇ ಕಡಿಮೆ ಹೇಳಿತ್ತು.

ಇಲ್ಲಿ ದೊಡ್ಡಮ್ಮನ ಮಾತು ಬರಲೇಬೇಕು. 2003ರಲ್ಲಿ ಅವರಿಗೂ ಎಡಗಡೆಯೇ. ಆಪರೇಷನ್ ಆಯಿತು, ನಾಲ್ಕು ಸಲ ಕೆಂಪು ಔಷಧ ಆಯಿತು, ಕರೆಂಟ್ ಕೊಡಿಸಿದ್ದಾಯಿತು. ಗೆದ್ದು ಬಂದರು ಅಂತ ಮನೆಯಲ್ಲಿ ಸತ್ಯನಾರಾಯಣ ಪೂಜೆ ಮಾಡಿದ್ದು ನಿಮಗೆ ನೆನಪಿರಬೇಕು. 2012ರ ಹೊತ್ತಿಗೆ ತೋಟದಿಂದ ಮನೆಗೆ ಹತ್ತುವ ಮೆಟ್ಟಿಲಲ್ಲಿ ಎರಡು ಸಲ ಕೂರುತ್ತಿದ್ದರು. ವಯಸ್ಸಾಯಿತು ಅಂದೆವು. ಉಬ್ಬಸ ಅಂತ ಒಂದು ವರ್ಷ ಪಂಪು ಎಳೆದರು. ಕಾಲು ಬಾತಾಗ ಉಪ್ಪು ಬಿಟ್ಟರು. ಹಳೆಯ ಕಾಯಿಲೆಯ ಫೈಲು ಟ್ರಂಕಿನಲ್ಲಿತ್ತು. ಅದನ್ನು ಯಾರೂ ಕೇಳಲಿಲ್ಲ, ನಾವೂ ಒಯ್ಯಲಿಲ್ಲ. ಕೊನೆಗೆ ಒಬ್ಬರು ಎಕೋ ಮಾಡಿಸಿದಾಗ ಪಂಪಿಂಗ್ 28. ದೊಡ್ಡಮ್ಮ 2015ರಲ್ಲಿ ಹೋದರು. ಆಗ ರಜಕ್ಕೆ ಬಂದಿದ್ದ ನಾನು ಟ್ರಂಕು ತೆಗೆದು ಡಿಸ್ಚಾರ್ಜ್ ಶೀಟು ಓದಿದೆ. ಒಟ್ಟು 240. ಪುಸ್ತಕದ ಮಿತಿಗಿಂತ ಎಷ್ಟೋ ಕೆಳಗೆ. ಆದರೆ ಅದರ ಜೊತೆ ಎಡ ಎದೆಗೆ ಕರೆಂಟ್, ಜೊತೆಗೆ ಮಾತ್ರೆ ಸರಿಯಾಗಿ ತಗೊಳ್ಳದ ಬಿ.ಪಿ. ಯಾವುದರಿಂದ ಎಷ್ಟು ಅಂತ ನಾನೂ ಹೇಳಲಾರೆ. ಕ್ಯಾನ್ಸರ್ ವಾರ್ಡಿನಲ್ಲೇ ಕೆಲಸ ಮಾಡುವವಳು ನಾನು, ವಾರಕ್ಕೊಮ್ಮೆ ಫೋನಲ್ಲಿ ಅವರ ಏದುಸಿರು ಕೇಳುತ್ತಿದ್ದವಳು. ನನಗೂ ಹೊಳೆಯಲಿಲ್ಲ.

ಈಗ ಅಡಿಲೇಡ್. ನಾನು ಆಸ್ಟ್ರೇಲಿಯಾದಲ್ಲಿ ಮೊದಲು ಇಳಿದ ಊರು. ಅಲ್ಲಿನ ನಾರ್ತ್ ಟೆರೇಸ್ ಬೀದಿಯ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಹೆನ್ರಿ ಬ್ರಾಗ್ ಅಂತ ಪ್ರೊಫೆಸರ್ ಇದ್ದರು. ರಾಂಟ್‌ಜನ್ ಎಕ್ಸ್-ರೇ ಕಂಡುಹಿಡಿದದ್ದು 1895ರ ಕೊನೆಗೆ. ಮರುವರ್ಷವೇ ಬ್ರಾಗ್ ಅಡಿಲೇಡ್‌ನಲ್ಲಿ ಅದನ್ನು ಮಾಡಿ ತೋರಿಸಿದರು. ಅವರ ಆರು ವರ್ಷದ ಮಗ ಲಾರೆನ್ಸ್ ಮೂರು ಗಾಲಿ ಸೈಕಲ್ಲಿನಿಂದ ಬಿದ್ದು ಮೊಣಕೈ ಮುರಿದುಕೊಂಡಾಗ ಅಪ್ಪನೇ ಎಕ್ಸ್-ರೇ ತೆಗೆದರಂತೆ. ಆ ಹುಡುಗ ಮುಂದೆ 1915ರಲ್ಲಿ, 25ನೇ ವಯಸ್ಸಿಗೆ, ಅಪ್ಪನ ಜೊತೆ ನೊಬೆಲ್ ತಗೊಂಡ. ಕಿರಣ ಮೂಳೆ ತೋರಿಸುತ್ತದೆ, ಗಡ್ಡೆ ಸುಡುತ್ತದೆ ಅಂತ ಬೇಗ ತಿಳಿಯಿತು. ಹೃದಯದ ಬಗ್ಗೆ ಮಾತ್ರ ಬಹಳ ಕಾಲ ಉಲ್ಟಾ ನಂಬಿಕೆ: ಅದು ಗಟ್ಟಿ ಮಾಂಸ, ಕಿರಣಕ್ಕೆ ಏನೂ ಆಗಲ್ಲ ಅಂತ. 1960ರ ದಶಕದಲ್ಲಿ ಸ್ಟ್ಯಾನ್‌ಫೋರ್ಡ್‌ನ ವೈದ್ಯರು ಎದೆಗೆ ರೇಡಿಯೇಷನ್ ಪಡೆದ ಹಾಜ್‌ಕಿನ್ ರೋಗಿಗಳ ಹೃದಯ ನೋಡಿ ಆ ನಂಬಿಕೆ ಮುರಿದರು. ಆಮೇಲೆ 2013ರಲ್ಲಿ ಸ್ವೀಡನ್ ಮತ್ತು ಡೆನ್ಮಾರ್ಕಿನ 2168 ಹೆಂಗಸರ ಲೆಕ್ಕ ಬಂತು. ಹೃದಯಕ್ಕೆ ಬಿದ್ದ ಒಂದೊಂದು ಗ್ರೇ ಕಿರಣಕ್ಕೆ ಹಾರ್ಟ್ ಅಟ್ಯಾಕ್‌ನಂಥ ತೊಂದರೆಯ ಅಪಾಯ ಶೇಕಡಾ 7.4ರಷ್ಟು ಏರುತ್ತದೆ. ಮೊದಲ ಐದು ವರ್ಷದಲ್ಲೇ ಶುರುವಾಗಿ ಇಪ್ಪತ್ತು ವರ್ಷದವರೆಗೂ ಅದು ಬಿಡುವುದಿಲ್ಲ.

ಇದಕ್ಕೆ ಸಿಕ್ಕ ಉಪಾಯ ನೋಡಿದರೆ ನಗು ಬರುತ್ತದೆ. ಅಡಿಲೇಡ್‌ನಲ್ಲಿ ರೇಡಿಯೇಷನ್ ಥೆರಪಿಸ್ಟ್ ಆಗಿದ್ದ ಗೆಳತಿಯೊಬ್ಬಳು ಒಮ್ಮೆ ನನಗೆ ಎರಡು ಸ್ಕ್ಯಾನ್ ತೋರಿಸಿದಳು. ಒಂದರಲ್ಲಿ ರೋಗಿ ಸುಮ್ಮನೆ ಉಸಿರಾಡುತ್ತಿದ್ದಾಳೆ, ಹೃದಯ ಎದೆಗೂಡಿಗೆ ಒತ್ತಿಕೊಂಡಿದೆ. ಇನ್ನೊಂದರಲ್ಲಿ ಉಸಿರು ತುಂಬಿ ಹಿಡಿದುಕೊಂಡಿದ್ದಾಳೆ, ಶ್ವಾಸಕೋಶ ಉಬ್ಬಿ ಹೃದಯ ಹಿಂದಕ್ಕೂ ಕೆಳಕ್ಕೂ ಸರಿದಿದೆ. ಸುಮಾರು ಇಪ್ಪತ್ತು ಸೆಕೆಂಡ್ ಉಸಿರು ಹಿಡಿದಷ್ಟು ಹೊತ್ತು ಕಿರಣ ಬಿಡುತ್ತಾರೆ. ಅಷ್ಟೇ! ಅಕ್ಕ, ಚಿಕ್ಕಂದಿನಲ್ಲಿ ಹೊಳೆಯಲ್ಲಿ ಮುಳುಗಿ ಯಾರು ಹೆಚ್ಚು ಹೊತ್ತು ಇರುತ್ತಾರೆ ಅಂತ ಪಂದ್ಯ ಆಡುತ್ತಿದ್ದೆವಲ್ಲ, ಪ್ರತಿ ಸಲ ನೀನೇ ಗೆಲ್ಲುತ್ತಿದ್ದೆ. ಉಸಿರು ಹಿಡಿದು ಕೊಡುವ ವಿಧಾನ ನಿಮ್ಮಲ್ಲಿದೆಯಾ ಅಂತ ರೇಡಿಯೇಷನ್ ಡಾಕ್ಟರನ್ನು ಕೇಳು. ಎಲ್ಲರಿಗೂ ಅದು ಬೇಕಾಗಲ್ಲ, ಆದರೆ ಕೇಳುವುದರಲ್ಲಿ ತಪ್ಪಿಲ್ಲ.

ಎರಡನೆಯ ಔಷಧದ ಕಥೆ ಬೇರೆ. 1998ರಲ್ಲಿ ಅಮೆರಿಕದಲ್ಲಿ ಹರ್ಸೆಪ್ಟಿನ್ ಬಂತು. HER ಎರಡು ಅನ್ನುವ ಗುರುತು ಇರುವ ಗಡ್ಡೆಗೆ ಮಾತ್ರ ನಾಟುವ ಔಷಧ, ಕೂದಲೂ ಉದುರಲ್ಲ. ಪ್ರಯೋಗ ಶುರುವಾದಾಗ ಹೃದಯದ ತೊಂದರೆಯನ್ನು ಯಾರೂ ನಿರೀಕ್ಷಿಸಿರಲಿಲ್ಲ. 2001ರಲ್ಲಿ ದೊಡ್ಡ ಪ್ರಯೋಗದ ಫಲಿತಾಂಶ ಪ್ರಕಟವಾದಾಗ, ಕೆಂಪು ಔಷಧದ ಜೊತೆಗೇ ಇದನ್ನೂ ಪಡೆದವರಲ್ಲಿ ನೂರಕ್ಕೆ 27 ಜನರಿಗೆ ಹೃದಯದ ತೊಂದರೆ ಕಂಡಿತ್ತು. ಅದೇ ಗುರುತು ಹೃದಯದ ಸ್ನಾಯುವಿನಲ್ಲೂ ಇದೆ, ಕಷ್ಟಕಾಲದಲ್ಲಿ ಅದನ್ನು ಕಾಯುವ ಕೆಲಸ ಅದರದ್ದು ಅಂತ ಆಮೇಲೆ ಚೆನ್ನಾಗಿ ಅರ್ಥವಾಯಿತು. ಕೆಂಪು ಔಷಧ ಸ್ನಾಯುವನ್ನೇ ಸಾಯಿಸಬಲ್ಲದು. ಹರ್ಸೆಪ್ಟಿನ್ ಮಾಡುವ ತೊಂದರೆ ನಿಲ್ಲಿಸಿದರೆ ಬಹುಪಾಲು ಸುಧಾರಿಸುತ್ತದೆ. ಒಟ್ಟಿಗೆ ಕೊಡದೆ ಒಂದರ ನಂತರ ಒಂದು ಕೊಡುವ ಕ್ರಮ ಬಂದದ್ದು ಈ ಪಾಠದಿಂದ.

ಆಸ್ಟ್ರೇಲಿಯಾ ಸರ್ಕಾರ 2001ರ ಡಿಸೆಂಬರಿನಿಂದ ಹರಡಿದ ಸ್ತನ ಕ್ಯಾನ್ಸರ್‌ಗೆ, 2006ರ ಅಕ್ಟೋಬರ್ 1ರಿಂದ ಆರಂಭದ ಹಂತದವರಿಗೂ ಈ ಔಷಧಕ್ಕೆ ದುಡ್ಡು ಕೊಡತೊಡಗಿತು. ಅದರ ಜೊತೆ ಒಂದು ಷರತ್ತು: ಶುರು ಮಾಡುವ ಮೊದಲು ಹೃದಯದ ಪರೀಕ್ಷೆ ಆಗಬೇಕು, ಆಮೇಲೆ ಮೂರು ತಿಂಗಳಿಗೊಮ್ಮೆ ಆಗಬೇಕು, ಪಂಪಿಂಗ್ 45ಕ್ಕಿಂತ ಕಡಿಮೆ ಇದ್ದರೆ ಕೊಡುವಂತಿಲ್ಲ. ಭಾವ, ಇಲ್ಲಿ ಎಕೋ ಬರೆಯುವುದು ಡಾಕ್ಟರ ಇಷ್ಟಕ್ಕೆ ಬಿಟ್ಟ ವಿಷಯವಾಗಿರಲಿಲ್ಲ. ದುಡ್ಡು ಕೊಡುವ ಸರ್ಕಾರವೇ ಕೇಳುತ್ತಿತ್ತು. ಸರ್ಕಾರಿ ಫಾರಂ ಅಂದರೆ ನನಗೂ ಬೇಜಾರೇ, ಆದರೆ ಈ ಒಂದು ಫಾರಮ್ಮಿನಿಂದ ಎಷ್ಟು ಜನರ ಹೃದಯ ಉಳಿಯಿತೋ.

ಬ್ರಿಸ್ಬೇನ್‌ಗೆ ಹೋದ ಮೇಲೆ ಈ ಎಕೋ ವಿಷಯದಲ್ಲಿ ಆ ಊರಿಗೇ ಒಂದು ಪಾತ್ರ ಇದೆ ಅಂತ ತಿಳಿಯಿತು. ವುಲ್ಲೂನ್‌ಗಾಬ್ಬಾ ಅಂತ ಬಡಾವಣೆ. 2021ರ ಜನವರಿಯಲ್ಲಿ ರಿಷಭ್ ಪಂತ್ ನಮ್ಮನ್ನು ಗೆಲ್ಲಿಸಿದ ಗಾಬಾ ಮೈದಾನ ಅಲ್ಲೇ ಇರುವುದು. ಅದೇ ಬಡಾವಣೆಯಲ್ಲಿ ಪ್ರಿನ್ಸೆಸ್ ಅಲೆಕ್ಸಾಂಡ್ರಾ ಆಸ್ಪತ್ರೆ. ಅಲ್ಲಿ, ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಕಡೆಯಿಂದ, ಥಾಮಸ್ ಮಾರ್ವಿಕ್ ಅನ್ನುವ ಹೃದಯ ತಜ್ಞರ ತಂಡ ಕೆಲಸ ಮಾಡುತ್ತಿತ್ತು. ಪಂಪಿಂಗ್ ಸಂಖ್ಯೆ ಇಳಿಯುವ ಹೊತ್ತಿಗೆ ತಡವಾಗಿರುತ್ತದೆ, ಅದಕ್ಕೂ ಮೊದಲು ಗೊತ್ತಾಗುವ ದಾರಿ ಇದೆಯಾ ಅನ್ನುವುದು ಅವರ ಪ್ರಶ್ನೆ. 2009ರಲ್ಲಿ ಜೇಮ್ಸ್ ಹೇರ್, ಮಾರ್ವಿಕ್ ಮತ್ತು ಜೊತೆಯವರು ಹರ್ಸೆಪ್ಟಿನ್ ಪಡೆಯುತ್ತಿದ್ದ 35 ಹೆಂಗಸರ ಎಕೋಗಳನ್ನು ಸಾಲಾಗಿ ನೋಡಿ ಬರೆದರು: ಸ್ನಾಯು ಎಷ್ಟು ಕುಗ್ಗಿ ಹಿಗ್ಗುತ್ತದೆ ಅಂತ ಅಳೆದರೆ, ಪಂಪಿಂಗ್ ಇಳಿಯುವ ಮೊದಲೇ ಬದಲಾವಣೆ ಕಾಣುತ್ತದೆ. ಇದಕ್ಕೆ ಸ್ಟ್ರೇನ್ ಅನ್ನುತ್ತಾರೆ. ನಮ್ಮ ತೋಟದ ಪಂಪ್‌ಸೆಟ್ ನೆನಪು ಮಾಡಿಕೊಳ್ಳಿ. ತೊಟ್ಟಿಗೆ ನೀರು ಮೊದಲಿನಷ್ಟೇ ಬೀಳುತ್ತಿರುತ್ತಿತ್ತು, ಆದರೆ ಸದ್ದು ಕೇಳಿಯೇ ಅಪ್ಪ "ಬೇರಿಂಗ್ ಹೋಗ್ತಾ ಇದೆ" ಅನ್ನುತ್ತಿದ್ದರು. ಸ್ಟ್ರೇನ್ ಅಂದರೆ ಅಪ್ಪನ ಕಿವಿ.

ಮಾರ್ವಿಕ್ ಮುಂದೆ ಬೇರೆ ಊರುಗಳಿಗೆ ಹೋಗಿ, ಹಲವು ದೇಶಗಳ 331 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದರು. 2021ರಲ್ಲಿ ಅಚ್ಚಾದ ಫಲಿತಾಂಶದಲ್ಲಿ, ಸ್ಟ್ರೇನ್ ನೋಡಿ ಮಾತ್ರೆ ಶುರು ಮಾಡಿದವರಲ್ಲಿ ಒಂದು ವರ್ಷಕ್ಕೆ ನೂರಕ್ಕೆ ಸುಮಾರು 6 ಜನರ ಹೃದಯ ಸೋತಿತ್ತು, ಪಂಪಿಂಗ್ ಮಾತ್ರ ನೋಡಿದವರಲ್ಲಿ ಸುಮಾರು 14. ಮೂರು ವರ್ಷದ ಹೊತ್ತಿಗೆ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಸಮ ಆದವು ಅನ್ನುವುದನ್ನೂ ಹೇಳಬೇಕು. ಹಾಗಾಗಿ ಸ್ಟ್ರೇನ್ ಮಾಡುವ ಮೆಷಿನ್ ನಿಮ್ಮಲ್ಲಿ ಇಲ್ಲದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಸರಿಯಾದ ಹೊತ್ತಿಗೆ ಮಾಮೂಲಿ ಎಕೋ ಆದರೂ ಸಾಕು.

ಸರಿಯಾದ ಹೊತ್ತು ಯಾವುದು? ಇದಕ್ಕೆ ಉತ್ತರ ಬಂದದ್ದು ಮತ್ತೆ ಮಿಲಾನಿನಿಂದ, ಕೆಂಪು ಔಷಧ ಕೊಟ್ಟ ಊರಿನಿಂದಲೇ. ಅಲ್ಲಿನ ಕ್ಯಾನ್ಸರ್ ಸಂಸ್ಥೆಯ ಡಾ. ಡ್ಯಾನಿಯೆಲಾ ಕಾರ್ಡಿನಾಲೆ 2010ರಲ್ಲಿ 201 ರೋಗಿಗಳ ಲೆಕ್ಕ ಕೊಟ್ಟರು. ಕೀಮೋ ಮುಗಿದ ಎರಡು ತಿಂಗಳೊಳಗೆ ಹೃದಯದ ಮಾತ್ರೆ ಶುರುವಾದವರಲ್ಲಿ ನೂರಕ್ಕೆ 64 ಜನ ಚೇತರಿಸಿಕೊಂಡರು. ಆರು ತಿಂಗಳು ದಾಟಿದವರಲ್ಲಿ ಪೂರ್ತಿ ಚೇತರಿಕೆ ಒಬ್ಬರಿಗೂ ಇಲ್ಲ. 2015ರಲ್ಲಿ 2625 ಜನರನ್ನು ನೋಡಿ, ತೊಂದರೆ ಬರುವವರಲ್ಲಿ ಬಹುತೇಕ ಎಲ್ಲರಿಗೂ ಅದು ಮೊದಲ ವರ್ಷದಲ್ಲೇ ಎಕೋದಲ್ಲಿ ಕಾಣುತ್ತದೆ ಅಂದರು. ರೋಗಿಗೆ ಆಗ ಏನೂ ಅನ್ನಿಸುತ್ತಿರುವುದಿಲ್ಲ. ಅವರು ಕೊಟ್ಟ ಮಾತ್ರೆ ಎನಾಲಾಪ್ರಿಲ್, ಜೊತೆಗೆ ಕಾರ್ವೆಡಿಲೋಲ್. ಎರಡೂ ನಮ್ಮೂರ ಮೆಡಿಕಲ್ ಸ್ಟೋರಿನಲ್ಲಿ ಸಿಗುವ, ಅಷ್ಟೇನೂ ಬೆಲೆಯಿಲ್ಲದ ಮಾತ್ರೆಗಳು. ಆ ಲೇಖನ ಓದಿದ ರಾತ್ರಿ ದೊಡ್ಡಮ್ಮನ 2004ನೇ ಇಸವಿ ಬಹಳ ಹೊತ್ತು ತಲೆಯಲ್ಲಿ ಸುತ್ತಿತು. ಆ ವರ್ಷ ಅವರಿಗೆ ಒಂದೇ ಒಂದು ಎಕೋ ಆಗಿರಲಿಲ್ಲ.

ಪರ್ತ್‌ನ ತುಂಡು ಕೊನೆಯದು, ನನಗೆ ಅತಿ ಚುಚ್ಚುವುದೂ ಅದೇ. ಊರಿನ ಉತ್ತರಕ್ಕೆ ಜೂಂಡಲಪ್‌ನಲ್ಲಿ ಎಡಿತ್ ಕೋವನ್ ವಿಶ್ವವಿದ್ಯಾಲಯ ಇದೆ. ಅಲ್ಲಿ ರಾಬರ್ಟ್ ನ್ಯೂಟನ್, ಡೇನಿಯಲ್ ಗಾಲ್ವಾವ್ ಅನ್ನುವವರು ಕ್ಯಾನ್ಸರ್ ರೋಗಿಗಳ ಕೈಗೆ ಕಬ್ಬಿಣ ಕೊಟ್ಟರು. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಹಾರ್ಮೋನ್ ಇಳಿಸುವ ಚಿಕಿತ್ಸೆ ಮಾಡಿದಾಗ ಸ್ನಾಯು ಕರಗಿ ಕೊಬ್ಬು ಏರುತ್ತದೆ, ಹೃದಯಕ್ಕೂ ಸಕ್ಕರೆ ಕಾಯಿಲೆಗೂ ಅದು ದಾರಿ. 2010ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 57 ಗಂಡಸರು. ಅರ್ಧ ಜನ 12 ವಾರ ಭಾರ ಎತ್ತಿದರು, ನಡೆದರು, ಸೈಕಲ್ ತುಳಿದರು. ಸ್ನಾಯು, ಶಕ್ತಿ, ನಡಿಗೆ ಮೂರೂ ಸುಧಾರಿಸಿದವು. 2018ರಲ್ಲಿ ಆಸ್ಟ್ರೇಲಿಯಾದ ಕ್ಯಾನ್ಸರ್ ವೈದ್ಯರ ಸಂಘ, ವ್ಯಾಯಾಮ ಚಿಕಿತ್ಸೆಯದೇ ಭಾಗ ಅಂತ ಅಧಿಕೃತವಾಗಿ ಹೇಳಿತು: ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆಯಂಥದ್ದು, ಎರಡು ಮೂರು ಸಲ ಭಾರದ ಕೆಲಸ, ಅವರವರ ಮೈಗೆ ತಕ್ಕಂತೆ.

ನಾವೇನು ಮಾಡಿದೆವು? ದೊಡ್ಡಮ್ಮ ಬಾವಿಕಟ್ಟೆಗೆ ಹೋದರೆ ಕೊಡ ಕಸಿದುಕೊಂಡೆವು. ಹಿತ್ತಲಿಗೆ ಇಳಿದರೆ ಬೈದೆವು. ಒಂದು ವರ್ಷ ಮಂಚದ ಮೇಲೆ ಕೂರಿಸಿ, ತುಪ್ಪ ಹಾಕಿ ಊಟ ಕೊಟ್ಟೆವು. ಪ್ರೀತಿಯಿಂದಲೇ ಮಾಡಿದ್ದು. ಆ ಕಾಲದಲ್ಲಿ ಡಾಕ್ಟರುಗಳೂ ರೆಸ್ಟ್ ಮಾಡಿ ಅಂತಲೇ ಹೇಳುತ್ತಿದ್ದರು.

ಬೆಂಗಳೂರಿನಲ್ಲಿ ಕ್ಯಾನ್ಸರ್‌ಗೆ ಕಿದ್ವಾಯಿ, ಹೃದಯಕ್ಕೆ ಜಯದೇವ ಅಂತ ನಾವು ಬೇರೆ ಬೇರೆ ಬಸ್ಸು ಹತ್ತಿ ಬೆಳೆದವರು. ಎರಡರ ನಡುವೆ ಆಟೋದಲ್ಲಿ ಸ್ವಲ್ಪವೇ ದಾರಿ. ಆದರೆ ಫೈಲು ತಾನಾಗಿ ಆ ದಾರಿ ನಡೆಯುವುದಿಲ್ಲ. ಇದು ನಮ್ಮ ದೇಶದ್ದೊಂದೇ ಕಥೆಯಲ್ಲ. ಯುರೋಪಿನ ಹೃದ್ರೋಗ ತಜ್ಞರ ಸಂಘ ಕ್ಯಾನ್ಸರ್ ರೋಗಿಗಳ ಹೃದಯಕ್ಕೆ ಅಂತಲೇ ಮೊದಲ ಪೂರ್ಣ ಮಾರ್ಗಸೂಚಿ ಹೊರಡಿಸಿದ್ದು 2022ರಲ್ಲಿ. ಕೀಮೋಗೆ ಮೊದಲು ಬಿ.ಪಿ., ಶುಗರ್, ಎಕೋ ನೋಡಿ ಅಪಾಯ ಅಳೆಯಿರಿ, ಮುಗಿದ ಮೇಲೂ ಬಿಡಬೇಡಿ ಅಂತ ಅದರಲ್ಲಿದೆ. ಅಕ್ಕನ ಡಾಕ್ಟರು ಬರೆದದ್ದು ಅದನ್ನೇ.

ಭಾವ, ನಿಮಗೆ ಒಂದೇ ಕೆಲಸ. ಹಳೆಯ ಡೈರಿ ಒಂದು ತೆಗೆದುಕೊಳ್ಳಿ. ಪ್ರತಿ ಕೀಮೋ ದಿನ ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಒಟ್ಟು ಎಷ್ಟಾಯಿತು ಅಂತ ಸಿಸ್ಟರ್ ಹತ್ತಿರ ಕೇಳಿ ಬರೆಯಿರಿ. ಅವಳ ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಆ ಡೈರಿ ಟ್ರಂಕಿಗೆ ಹೋಗಬಾರದು. ಮುಂದೆ ಮೊಣಕಾಲು ನೋವಿಗೆ ಹೋದರೂ ಅದು ಜೊತೆಗಿರಲಿ. ಕೊಡ ಅವಳೇ ಎತ್ತಲಿ, ಡಾಕ್ಟರು ಬೇಡ ಅನ್ನದಿದ್ದರೆ.

ಇದನ್ನು ಬರೆಯುತ್ತಿರುವಾಗಲೇ ಭಾವ ಎಕೋ ರಿಪೋರ್ಟಿನ ಫೋಟೋ ಕಳಿಸಿದ್ದಾರೆ. ಎಂದಿನಂತೆ ತಲೆಕೆಳಗು. ಫೋನ್ ತಿರುಗಿಸಿ ಓದಿದೆ. ಪಂಪಿಂಗ್ 62. ಮೊದಲ ಕೀಮೋ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ. ಆಗ ಇಲ್ಲಿ ಹನ್ನೊಂದೂವರೆ, ನಾನು ಡ್ಯೂಟಿಯಲ್ಲಿರುತ್ತೇನೆ, ಫೋನ್ ಜೇಬಿನಲ್ಲೇ ಇರುತ್ತದೆ.