ಗಂಡುಬೀರಿ: ಒಂದು ನಿಂದೆಯ ಮಾತೂ ವೈದ್ಯರ ಪದಗಳೂ

ಒಂದು ಸಂಗತಿಯ ಕಾರಣವು ತಿಳಿಯದಿರುವಾಗ ಜನರು ಅದಕ್ಕೆ ನಿಂದೆಯ ಹೆಸರನ್ನಿಡುವುದುಂಟು. ಕಾರಣವು ತಿಳಿದಮೇಲೂ ಆ ಹೆಸರು ಬಹುಕಾಲ ಅಳಿಯದೆ ನಿಲ್ಲುವುದು. ಕನ್ನಡದ ಗಂಡುಬೀರಿ ಎಂಬ ಮಾತು ಇಂಥದು. ಎದುರುತ್ತರ ಕೊಡುವವಳಿಗೂ, ದನಿಯು ದಪ್ಪವಾಗಿರುವವಳಿಗೂ, ಮೈಕಟ್ಟಿನಲ್ಲಿ ಗಂಡಸಿನಂತೆ ಕಾಣುವವಳಿಗೂ ಈ ಒಂದೇ ಮಾತು ಸಲ್ಲುತ್ತ ಬಂದಿದೆ. ನಡತೆಯನ್ನೂ ದೇಹಸ್ಥಿತಿಯನ್ನೂ ಹೀಗೆ ಒಂದೇ ಹಗ್ಗದಿಂದ ಬಿಗಿದುದರಿಂದ, ದೇಹದ ವ್ಯಾಧಿಯು ನಡತೆಯ ದೋಷವಾಗಿ ಎಣಿಸಲ್ಪಟ್ಟಿತು. ವೈದ್ಯನ ಬಳಿಗೆ ಹೋಗಬೇಕಾದ ಹೆಣ್ಣುಮಗಳು ಮನೆಯ ಕೋಣೆಯಲ್ಲಿ ಅಡಗಿ ಕುಳಿತಳು.

ಈ ವ್ಯಾಧಿಯ ವರ್ಣನೆಯು ಬಹು ಪ್ರಾಚೀನವಾದುದು. ಗ್ರೀಸಿನ ವೈದ್ಯ ಹಿಪ್ಪೋಕ್ರೇಟಸನ ಹೆಸರಿನಲ್ಲಿ ಉಳಿದುಬಂದಿರುವ ಗ್ರಂಥಸಮುದಾಯದಲ್ಲಿ, ಅಬ್ಡೇರ ನಗರದ ಫೇಥೂಸಾ ಎಂಬ ಗೃಹಿಣಿಯ ವೃತ್ತಾಂತವಿದೆ. ಮಕ್ಕಳನ್ನು ಹೆತ್ತಿದ್ದ ಆಕೆಗೆ, ಪತಿಯು ದೇಶಭ್ರಷ್ಟನಾದಮೇಲೆ ಮುಟ್ಟು ನಿಂತಿತು. ಸಂಧಿಗಳಲ್ಲಿ ನೋವು ತೋರಿತು. ಬಳಿಕ ಮೈಯೆಲ್ಲ ರೋಮವು ಬೆಳೆದು, ಗಡ್ಡವು ಮೂಡಿ, ಕಂಠವು ಒರಟಾಯಿತು. ವೈದ್ಯರು ಮಾಡಿದ ಉಪಾಯಗಳೊಂದೂ ಫಲಿಸದೆ ಆಕೆಯು ಸ್ವಲ್ಪ ಕಾಲದಲ್ಲಿಯೇ ಮೃತಳಾದಳು. ಥಾಸೋಸಿನ ಮತ್ತೊಬ್ಬ ಸ್ತ್ರೀಗೂ ಇದೇ ಗತಿಯಾಯಿತೆಂದು ಅಲ್ಲಿ ಬರೆದಿದೆ. ಆ ವೈದ್ಯರು ಕಾರಣವನ್ನರಿಯರು; ಆದರೆ ಕಂಡುದನ್ನು ಕಂಡಂತೆ ಬರೆದಿಟ್ಟರು, ರೋಗಿಯನ್ನು ನಿಂದಿಸಲಿಲ್ಲ.

ಕಾರಣವು ಗೋಚರವಾದುದು ಇಪ್ಪತ್ತನೆಯ ಶತಮಾನದಲ್ಲಿ. ಶರೀರದ ಕೆಲವು ಗ್ರಂಥಿಗಳು ನಾಳದ ಸಹಾಯವಿಲ್ಲದೆ ನೇರವಾಗಿ ರಕ್ತಕ್ಕೇ ಸೇರಿಸುವ ರಸಗಳಿಗೆ 1905ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿಂಗನು ಹಾರ್ಮೋನು ಎಂಬ ಹೆಸರನ್ನು ಬಳಕೆಗೆ ತಂದನು. ಪ್ರಚೋದಿಸು ಎಂಬರ್ಥದ ಗ್ರೀಕ್ ಧಾತುವಿನಿಂದ ಹುಟ್ಟಿದ ಈ ಪದಕ್ಕೆ ಕನ್ನಡದ ಬರಹಗಾರರು ಚೋದಕವೆಂದೂ ರಸದೂತವೆಂದೂ ಹೇಳಿರುವುದು ಒಪ್ಪುವಂತಿದೆ. 1931ರಲ್ಲಿ ಜರ್ಮನಿಯ ಬೂಟೆನಾಂಟನು ಸಾವಿರಾರು ಲೀಟರು ಮೂತ್ರವನ್ನು ಶೋಧಿಸಿ, ಕೆಲವೇ ಮಿಲಿಗ್ರಾಮುಗಳಷ್ಟು ಪುರುಷಚೋದಕವನ್ನು ಬೇರ್ಪಡಿಸಿದನು. 1935ರಲ್ಲಿ ಆಮ್‌ಸ್ಟರ್ಡಾಮಿನ ಲಾಕರನ ಬಳಗದವರು ಟೆಸ್ಟೊಸ್ಟೆರೋನನ್ನು ಪಡೆದರು. ಅದೇ ವರ್ಷ ಶಿಕಾಗೋ ನಗರದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಏಳು ಮಂದಿ ಸ್ತ್ರೀಯರ ಅಂಡಾಶಯದ ವಿಕಾರವನ್ನು ವರ್ಣಿಸಿದರು. ಬೆಂಗಳೂರಿನ ಕೋಟೆಯ ಬಳಿ ಹೆಂಗಸರಿಗೂ ಮಕ್ಕಳಿಗೂ ಮೀಸಲಾದ ವಾಣಿವಿಲಾಸ ಆಸ್ಪತ್ರೆಯು ಆರಂಭವಾದುದೂ 1935ರಲ್ಲಿಯೇ.

ಪುರುಷಚೋದಕವೆಂಬ ಹೆಸರನ್ನು ಕೇಳಿ, ಅದು ಪುರುಷರಲ್ಲಿ ಮಾತ್ರವೇ ಇರುವುದೆಂದು ಭಾವಿಸಲಾಗದು. ಸ್ತ್ರೀಯರಲ್ಲಿಯೂ ಅಂಡಾಶಯವೂ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯೂ ಅದನ್ನು ಸ್ವಲ್ಪಮಟ್ಟಿಗೆ ಉತ್ಪಾದಿಸುವುವು. ಆ ಪ್ರಮಾಣವು ಮೀರಿದರೆ ಅದು ಪುರುಷಚೋದಕಾಧಿಕ್ಯ. ಗಡ್ಡಮೀಸೆಗಳ ಸ್ಥಾನದಲ್ಲಿ ರೋಮವು ದಟ್ಟವಾಗಿ ಬೆಳೆಯುವುದು ಅತಿರೋಮತೆ. ಕಂಠವು ಇಳಿಯುವುದು, ಸ್ನಾಯುಗಳು ಬಲಿಯುವುದು, ನೆತ್ತಿಯ ಕೂದಲು ಪುರುಷರಂತೆ ಉದುರುವುದು, ಇವೆಲ್ಲ ಸೇರಿದಾಗ ಅದನ್ನು ವಿರಿಲಿಸಂ ಎನ್ನುವರು, ಕನ್ನಡದಲ್ಲಿ ಪುಂಭಾವವೆನ್ನಬಹುದು. ಈ ಮೂರು ಪದಗಳನ್ನು ಬೆರೆಸಬಾರದು. ಅತಿರೋಮತೆಯು ಸಾಮಾನ್ಯ, ಅದರ ಹಿಂದೆ ಬಹುಮಟ್ಟಿಗೆ ಇರುವುದು ಸ್ಟೈನ್ ಮತ್ತು ಲೆವೆಂಥಾಲರು ವರ್ಣಿಸಿದ ವಿಕಾರವೇ. ಪುಂಭಾವವು ವಿರಳ, ಅದು ಕೆಲವೇ ತಿಂಗಳುಗಳಲ್ಲಿ ತಲೆದೋರಿದರೆ ಗ್ರಂಥಿಯಲ್ಲಿ ಗೆಡ್ಡೆಯಿರಬಹುದೆಂದು ವೈದ್ಯರು ಶಂಕಿಸಿ ಒಡನೆಯೇ ಪರೀಕ್ಷಿಸುವರು. ಪದಗಳ ಈ ಭೇದವನ್ನು ಅರಿಯುವುದರಿಂದ ಪ್ರಾಣವೇ ಉಳಿಯಬಹುದು.

ಈ ಪದಗಳ ವಂಶವೃಕ್ಷವೂ ಸ್ವಾರಸ್ಯವಾಗಿದೆ. ಆಂಡ್ರೋಜೆನ್ ಎಂಬುದರ ಪೂರ್ವಪದವಾದ ಗ್ರೀಕ್ ಶಬ್ದವು ಸಂಸ್ಕೃತದ ನರ ಶಬ್ದಕ್ಕೆ ದಾಯಾದಿ. ಉತ್ತರಪದವು ಜನ್ ಎಂಬ ಧಾತುವಿಗೆ ದಾಯಾದಿ. ವಿರಿಲಿಸಂ ಎಂಬುದರಲ್ಲಿರುವ ಲ್ಯಾಟಿನ್ನಿನ ವಿರ್, ಸಂಸ್ಕೃತದ ವೀರ, ಇವೆರಡೂ ಏಕಮೂಲವಾದುವು. ವೀರ ಶಬ್ದದ ತದ್ಭವವು ಬೀರ. ಗಂಡುಬೀರಿಯನ್ನು ಆ ಬೀರನ ಸ್ತ್ರೀರೂಪವೆಂದು ಬಿಡಿಸುವುದಾದರೆ, ಬೀದಿಯ ಬೈಗುಳೂ ಆಸ್ಪತ್ರೆಯ ಪದವೂ ಒಂದೇ ಬೇರಿನ ಎರಡು ಕವಲುಗಳಾಗುವುವು. ಒಂದು ಕವಲಿನಲ್ಲಿ ಅವಮಾನವೂ ಇನ್ನೊಂದರಲ್ಲಿ ಚಿಕಿತ್ಸೆಯೂ ಫಲಿಸಿದುವು.

ಶಾಸ್ತ್ರವನ್ನು ಕನ್ನಡದಲ್ಲಿ ಹೇಳುವ ಪ್ರಯತ್ನವು ಬೆಂಗಳೂರಿಗೆ ಹೊಸದಲ್ಲ. 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು. 1946ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಪ್ರಕಟವಾಯಿತು. ಆದರೂ ಇಂದು ತ್ಯಾಗರಾಜನಗರದಂಥ ಬಡಾವಣೆಯ ವಿದ್ಯಾವಂತರ ಮನೆಗಳಲ್ಲಿ ಕೇಳಿಬರುವುದು ಪಿ.ಸಿ.ಓ.ಡಿ. ಎಂಬ ನಾಲ್ಕು ಇಂಗ್ಲಿಷ್ ಅಕ್ಷರಗಳೇ. ಈ ಹೆಸರಿನಲ್ಲಿ ಬೊಬ್ಬೆಗಳೆಂದು ಹೇಳಿರುವುವು ವಾಸ್ತವವಾಗಿ ಬೆಳವಣಿಗೆ ನಿಂತ ಅಂಡಕೋಶಗಳು. ಮುಟ್ಟಿನ ಕ್ರಮಭಂಗ, ಮೊಡವೆ, ಅತಿರೋಮತೆ, ಗರ್ಭಧಾರಣೆಗೆ ತೊಡಕು, ಮುಂದೆ ಮಧುಮೇಹದ ಭಯ, ಇವು ಇದರ ಲಕ್ಷಣಗಳು. ಹುಡುಗಿಯ ಶೀಲಕ್ಕೂ ಇದಕ್ಕೂ ಸಂಬಂಧವೇನೂ ಇಲ್ಲ.

ವೈದ್ಯರ ಪದವೂ ಒಮ್ಮೊಮ್ಮೆ ದಂಡವಾಗಿ ಎರಗುವುದುಂಟು. ವಿಶ್ವದ ಅಥ್ಲೆಟಿಕ್ ಸಂಸ್ಥೆಯು 2011ರಲ್ಲಿ ಪುರುಷಚೋದಕಾಧಿಕ್ಯವುಳ್ಳ ಓಟಗಾರ್ತಿಯರಿಗೆ ಒಂದು ನಿಯಮವನ್ನು ವಿಧಿಸಿತು. 2014ರಲ್ಲಿ ಒಡಿಶಾದ ದ್ಯುತಿ ಚಾಂದ್ ಎಂಬ 18 ವರ್ಷದ ಓಟಗಾರ್ತಿಯನ್ನು ಬೆಂಗಳೂರಿನಲ್ಲಿ ಪರೀಕ್ಷೆಗಳಿಗೆ ಗುರಿಪಡಿಸಿ, ಕಾಮನ್‌ವೆಲ್ತ್ ಕ್ರೀಡೆಗಳಿಂದ ಕೈಬಿಡಲಾಯಿತು. ಔಷಧದಿಂದ ಚೋದಕವನ್ನು ಇಳಿಸಿಕೊಳ್ಳಲು ಒಪ್ಪದೆ ಆಕೆಯು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಲಿಯ ಮೊರೆಹೊಕ್ಕಳು. 2015ರ ಜುಲೈ 27ರಂದು ಮಂಡಲಿಯು, ಚೋದಕದಿಂದ ದೊರೆಯುವ ಲಾಭದ ಪ್ರಮಾಣಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಆ ನಿಯಮವನ್ನು ತಡೆಹಿಡಿಯಿತು. 2018ರಲ್ಲಿ ಜಕಾರ್ತದ ಏಷ್ಯನ್ ಕ್ರೀಡೆಗಳಲ್ಲಿ ಆಕೆಯು 100 ಮತ್ತು 200 ಮೀಟರುಗಳ ಓಟಗಳಲ್ಲಿ ಬೆಳ್ಳಿಯ ಪದಕಗಳನ್ನು ಗಳಿಸಿದಳು. ಕೆಲವು ಪಂದ್ಯಗಳಿಗೆ ಹೊಸ ನಿಯಮಗಳು ಆಮೇಲೆ ಬಂದುವು, ವಿವಾದವು ಮುಗಿಯಲಿಲ್ಲ.

ಆದುದರಿಂದ ನಿಂದೆಯನ್ನು ಬಿಟ್ಟು ಶಾಸ್ತ್ರಪದವನ್ನು ಹಿಡಿದರಷ್ಟೇ ಸಾಲದು. ಆ ಪದವನ್ನು ಯಾರ ಹಿತಕ್ಕಾಗಿ ಆಡುವರೆಂಬುದನ್ನೂ ನೋಡಬೇಕು. ಅಬ್ಡೇರದ ಗೃಹಿಣಿಗೆ ವೈದ್ಯರಿದ್ದರು, ವಿದ್ಯೆಯಿರಲಿಲ್ಲ. ಇಂದು ವಿದ್ಯೆಯುಂಟು, ಆಸ್ಪತ್ರೆಯೂ ದೂರವಿಲ್ಲ. ಮನೆಯ ಹುಡುಗಿಯು ತನ್ನ ದೇಹದ ಮಾತನ್ನು ಅಂಜದೆ ಆಡಬಲ್ಲಳಾದರೆ, ಗಂಡುಬೀರಿ ಎಂಬ ನಿಂದೆಯು ನಿಘಂಟಿನ ಪುಟದಲ್ಲಿ ಮಾತ್ರ ಉಳಿಯುವುದು.