ಸೊಳ್ಳೆಯ ಮೊಟ್ಟೆಗಳನ್ನು ಕೊಟ್ಟ ವೈದ್ಯ

೧೮೮೧ನೆಯ ಆಗಸ್ಟ್ ೧೪ರಂದು, ಕ್ಯೂಬಾ ದ್ವೀಪದ ಹವಾನಾ ನಗರದಲ್ಲಿ, ಡಾಕ್ಟರ್ ಕಾರ್ಲೋಸ್ ಫಿನ್ಲೇ ಅಲ್ಲಿನ ವಿಜ್ಞಾನ ಅಕಾಡೆಮಿಯ ಮುಂದೆ ಒಂದು ಪ್ರಬಂಧವನ್ನೋದಿದರು. ಹಳದಿ ಜ್ವರವನ್ನು ಒಬ್ಬರಿಂದ ಒಬ್ಬರಿಗೆ ಒಯ್ಯುವುದು ಸೊಳ್ಳೆ ಎಂಬುದು ಅದರ ತಿರುಳು. ಯಾರೂ ನಂಬಲಿಲ್ಲ. ಮೈ ಹಳದಿಯಾಗಿ, ಕಪ್ಪಗೆ ವಾಂತಿಯಾಗಿ ಜನರು ಸಾಯುತ್ತಿದ್ದ ಆ ರೋಗಕ್ಕೆ ಕೆಟ್ಟ ಗಾಳಿಯೂ ರೋಗಿಯ ಹಾಸಿಗೆ ಬಟ್ಟೆಗಳೂ ಕಾರಣವೆಂದು ಅಂದಿನ ವೈದ್ಯರ ಎಣಿಕೆ.

ಫಿನ್ಲೇ ಹುಟ್ಟಿದ್ದು ೧೮೩೩ರಲ್ಲಿ, ಕ್ಯೂಬಾದಲ್ಲಿಯೇ. ತಂದೆ ಸ್ಕಾಟ್ಲೆಂಡಿನವರು, ತಾಯಿ ಫ್ರೆಂಚ್ ಮೂಲದವರು. ಬಾಲ್ಯದ ಕಾಯಿಲೆಯಿಂದ ಉಳಿದ ತೊದಲು ಕೊನೆಯವರೆಗೂ ಹೋಗಲಿಲ್ಲ. ೧೮೫೫ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ವೈದ್ಯ ಪದವಿ ಪಡೆದು ಮರಳಿದರು. ಎತ್ತರದ ಊರುಗಳಲ್ಲಿ ಈ ಸೊಳ್ಳೆಯೂ ವಿರಳ, ಈ ಜ್ವರವೂ ವಿರಳ ಎಂಬುದನ್ನು ಅವರು ಕಂಡುಕೊಂಡಿದ್ದರು. ನಮ್ಮಲ್ಲಿ ಡೆಂಗಿ ಜ್ವರವನ್ನು ಹರಡುವ ಪಟ್ಟೆಕಾಲಿನ ಸೊಳ್ಳೆಯೇ ಅದು. ಹಳದಿ ಜ್ವರ ಮಾತ್ರ, ನಮ್ಮ ಪುಣ್ಯ, ಈ ದೇಶದಲ್ಲಿ ನೆಲೆಯೂರಿಲ್ಲ.

ಅಕಾಡೆಮಿಯನ್ನಷ್ಟೇ ದೂರುವುದು ನ್ಯಾಯವಲ್ಲ. ಫಿನ್ಲೇ ರೋಗಿಯನ್ನು ಕಚ್ಚಿದ ಸೊಳ್ಳೆಯಿಂದ ಕೆಲವೇ ದಿನಗಳಲ್ಲಿ ಆರೋಗ್ಯವಂತರನ್ನು ಕಚ್ಚಿಸಿ ನೋಡುತ್ತಿದ್ದರು. ಬಹುಮಂದಿಗೆ ಏನೂ ಆಗುತ್ತಿರಲಿಲ್ಲ. ರೋಗಬೀಜವು ಸೊಳ್ಳೆಯ ಒಡಲಲ್ಲಿ ಬಲಿಯಲು ಹನ್ನೆರಡು ದಿನಗಳಷ್ಟಾದರೂ ಬೇಕೆಂಬುದು ಆಗ ತಿಳಿದಿರಲಿಲ್ಲ. ಹೆಪ್ಪು ಹಾಕಿದ ಗಳಿಗೆಯಲ್ಲೇ ಮೊಸರಾಯಿತೇ ಎಂದು ಪಾತ್ರೆ ತೆರೆದು ನೋಡಿದಂತಾಯಿತು. ಮಾತು ನಿಜ, ಸಾಕ್ಷಿ ಸಾಲದು. ಹೀಗೆಯೇ ಹತ್ತೊಂಬತ್ತು ವರ್ಷಗಳು ಕಳೆದವು.

೧೯೦೦ರಲ್ಲಿ ಅಮೆರಿಕದ ಸೈನ್ಯವು ವಾಲ್ಟರ್ ರೀಡ್ ಎಂಬ ವೈದ್ಯಾಧಿಕಾರಿಯ ನೇತೃತ್ವದಲ್ಲಿ ಒಂದು ಮಂಡಲಿಯನ್ನು ಕ್ಯೂಬಾಕ್ಕೆ ಕಳುಹಿಸಿತು. ಬೇರೆ ದಾರಿಗಳು ಫಲಿಸದೆ ಅವರು ಫಿನ್ಲೇಯವರ ಬಾಗಿಲಿಗೆ ಬಂದರು. ಅವರು ತಾವು ಕಾಪಾಡಿದ್ದ ಸೊಳ್ಳೆಯ ಮೊಟ್ಟೆಗಳನ್ನು ತೆಗೆದು ಕೊಟ್ಟರು. ಅಷ್ಟು ಕಾಲ ನಗೆಗೀಡಾದವರು ತಮ್ಮ ಸಾಮಗ್ರಿಯನ್ನು ಪರರ ಕೈಗೆ ಇಡುವುದು ಸುಲಭವೆಂದು ನನಗೆ ತೋರದು. ಮಂಡಲಿಯ ಜೆಸ್ಸಿ ಲೇಜಿಯರ್ ಸೊಳ್ಳೆ ಕಚ್ಚಿ ಅದೇ ಜ್ವರದಿಂದ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಮುಂದೆ ರೋಗಿಗಳ ಕೊಳೆತ ಹಾಸಿಗೆಗಳಲ್ಲಿ ಇಪ್ಪತ್ತು ರಾತ್ರಿ ಮಲಗಿದ ಸ್ವಯಂಸೇವಕರು ಕ್ಷೇಮವಾಗಿದ್ದರು. ದಿನ ತುಂಬಿದ ಸೊಳ್ಳೆ ಕಚ್ಚಿದವರು ಕಾಯಿಲೆ ಬಿದ್ದರು. ಕೀರ್ತಿಯ ದೊಡ್ಡ ಪಾಲು ರೀಡರಿಗೆ ಸಂದಿತು. ನೊಬೆಲ್ ಬಹುಮಾನಕ್ಕೆ ಫಿನ್ಲೇಯವರ ಹೆಸರು ಹಲವು ಬಾರಿ ಸೂಚಿತವಾದರೂ ಅದು ಅವರಿಗೆ ದೊರೆಯಲಿಲ್ಲ.

ದೊರೆತದ್ದು ಕೆಲಸ. ೧೯೦೨ರಲ್ಲಿ ಸ್ವತಂತ್ರ ಕ್ಯೂಬಾ ಸರ್ಕಾರ ಅವರನ್ನು ದೇಶದ ಮುಖ್ಯ ಆರೋಗ್ಯಾಧಿಕಾರಿಯನ್ನಾಗಿ ನೇಮಿಸಿತು. ಆಗ ಅವರಿಗೆ ಅರವತ್ತೆಂಟು. ೧೯೦೫ರಲ್ಲಿ ಹವಾನಾಕ್ಕೆ ಜ್ವರ ಮರಳಿ ಬಂದಾಗ ಅವರ ಇಲಾಖೆ ಸೊಳ್ಳೆಗಳ ಮೇಲೆಯೇ ಸಮರ ಸಾರಿ ಕೆಲವು ತಿಂಗಳಲ್ಲಿ ಅದನ್ನು ಅಡಗಿಸಿತು. ಫಿನ್ಲೇ ೧೯೧೫ರ ಆಗಸ್ಟ್ ೨೦ರಂದು ಅದೇ ನಗರದಲ್ಲಿ ನಿಧನರಾದರು.